ಗೇಟಿಗೊಂದು ಹೆಸರು

ಹೊಸ ಬಿದಿರಿನ ಮೊರಕ್ಕೆ ಅರಿಶಿನ ಬಳಿದು ನೆರಳಲ್ಲಿ ಒಣಗಿಸಿದರೆ ಒಂದು ವಾಸನೆ ಬರುತ್ತದೆ. ಅದನ್ನು ಘಮ ಅಂದರೆ ಸ್ವಲ್ಪ ಜಾಸ್ತಿಯಾಯಿತು, ಕಮಟು ಅಂದರೆ ಗೌರಮ್ಮ ಮುನಿಸಿಕೊಂಡಾಳು. ಹೋದ ಗೌರಿ ಹಬ್ಬದ ದಿನ ಅಂಥದೊಂದು ಜೊತೆ ಮೊರ ಮಡಿಲಲ್ಲಿಟ್ಟುಕೊಂಡು ನಾನು ದೊಡ್ಡಬಳ್ಳಾಪುರದಿಂದ ನೆಲಮಂಗಲದ ಬಸ್ಸು ಹತ್ತಿದೆ. ನಮ್ಮ ಸೋದರತ್ತೆಗೆ ತವರಿನ ಬಾಗಿನ. ವರ್ಷ ವರ್ಷ ನನ್ನ ತಮ್ಮ ತಲುಪಿಸುತ್ತಿದ್ದ. ಈ ಸಲ ಅವನ ಮೊಣಕಾಲು ಕೈಕೊಟ್ಟಿತು, ಕೆಲಸ ನನ್ನ ಪಾಲಿಗೆ ಬಂತು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ನಿಜ. ಆದರೆ ದುಡ್ಡು ಕೊಡದಿದ್ದರೂ ಊರ ಹೆಸರು ಹೇಳಲೇಬೇಕಲ್ಲ.

“ಎಲ್ಲಿಗೆ ಅಜ್ಜಿ?” ಅಂದ ಕಂಡಕ್ಟರು.

ಅಜ್ಜಿ ಅಂದದ್ದನ್ನು ಕೇಳಿಸಿಕೊಳ್ಳದವಳಂತೆ “ಗೋಣಿಮರದಹಳ್ಳಿ ಗೇಟ್” ಅಂದೆ. ಅವನು ಮೆಷೀನನ್ನು ಒತ್ತಿ ಒತ್ತಿ ನೋಡಿದ. ಅಂಥ ಹೆಸರೇ ಇಲ್ಲ ಅಂದ. ಹಿಂದಿನ ಸೀಟಿನ ಗಂಡಸೊಬ್ಬ ಅಯ್ಯೋ ಪಾಪ ಅಂತ, “ತಿಮ್ಮಸಂದ್ರ ಗೇಟ್ ಅಂತ ನೋಡಪ್ಪ, ಅದೇ ಇದು” ಅಂದ. ಅದೂ ಇರಲಿಲ್ಲ. ಕಡೆಗೆ ಕಂಡಕ್ಟರಿಗೇ ಹೊಳೆಯಿತು: “ಓ, ಗೋಲ್ಡನ್ ಆರ್ಚರ್ಡ್ ಗೇಟಾ? ಲೇಔಟ್ ಮುಂದೆ ಇಳಿಯೋದು?” ನಾನು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಹೂಂ ಅಂದೆ. ಅವನು ಹರಿದುಕೊಟ್ಟ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಅದೇ ಇತ್ತು. ನನಗೆ ಅಳು ಬರಬೇಕಾಗಿತ್ತು, ನಗು ಬಂತು. ಯಾಕೆ ಅಂತ ನಿಮಗೆ ಹೇಳದಿದ್ದರೆ ಪಕ್ಕದಲ್ಲಿ ಕೂತವರು ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಗೇಟು ಬರಲು ಇನ್ನೂ ಹೊತ್ತಿದೆ, ಸ್ವಲ್ಪ ಈ ಕಡೆ ಸರಿದು ಕೂತುಕೊಳ್ಳಿ.

ನಮ್ಮ ಕಡೆ ಊರು ಒಳಗಿರುತ್ತದೆ, ರಸ್ತೆ ಹೊರಗಿರುತ್ತದೆ. ಊರಿಂದ ಬರುವ ಮಣ್ಣಿನ ದಾರಿ ಟಾರು ರಸ್ತೆಗೆ ಬಂದು ಮುಟ್ಟುವ ಜಾಗಕ್ಕೆ ಗೇಟು ಅಂತ ಹೆಸರು. ದೊಡ್ಡಬಳ್ಳಾಪುರ ಬಿಟ್ಟು ಮಧುರೆ ದಾಟುವವರೆಗೆ ಇಂಥ ಗೇಟು ಎಷ್ಟು ಬೇಕಾದರೂ ಸಿಕ್ಕುತ್ತವೆ, ಒಂದರಲ್ಲೂ ಗೇಟಿಲ್ಲ. ಹಿಂದೆ ಸುಂಕದ ಕಟ್ಟೆಗಳಿದ್ದವು ಅಂತ ಕೆಲವರು, ದೊರೆಗಳು ಬೇಟೆಗೆ ಬಂದಾಗ ಹಾಕಿಸಿದ್ದು ಅಂತ ಕೆಲವರು. ನಮ್ಮ ಗೇಟಿನಲ್ಲಂತೂ ಇದ್ದದ್ದು ಒಂದು ಹುಣಸೆಮರ, ಮರದ ಬುಡದಲ್ಲಿ ಅರ್ಧ ಹೂತಿದ್ದ ಒಂದು ಕಲ್ಲು, ಒಂದು ಟೀ ಅಂಗಡಿ, ಒಂದು ಸೈಕಲ್ ಷಾಪು. ಗೋಣಿಮರದಹಳ್ಳಿಯಲ್ಲೂ ಗೋಣಿಮರ ಇರಲಿಲ್ಲ ಅನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕೇಳುವುದು ಬೇಡ.

ತೊಂದರೆ ಏನೆಂದರೆ, ಆ ಮರದ ಹತ್ತಿರ ಎರಡು ಊರಿನ ದಾರಿಗಳು ಬಂದು ಸೇರುತ್ತಿದ್ದವು. ಈ ಕಡೆಯಿಂದ ನಮ್ಮದು, ಆ ಕಡೆಯಿಂದ ತಿಮ್ಮಸಂದ್ರದ್ದು. ಮರ ಯಾರದು? ಮಾರಿ ಹಬ್ಬದಲ್ಲಿ ಊರಿನ ಎಲ್ಲೆಯ ಸುತ್ತ ಚರಗದ ಅನ್ನ ಚೆಲ್ಲುತ್ತಾರಲ್ಲ, ನಮ್ಮೂರವರು ಮರವನ್ನು ಒಳಗೆ ಹಾಕಿಕೊಂಡು ಚೆಲ್ಲುತ್ತಿದ್ದರು, ಅವರೂ ಮರವನ್ನು ಒಳಗೆ ಹಾಕಿಕೊಂಡೇ ಚೆಲ್ಲುತ್ತಿದ್ದರು. ಹೀಗಾಗಿ ಆ ಹುಣಸೆಮರವನ್ನು ಇಬ್ಬರು ಮಾರಮ್ಮಂದಿರು ಕಾಯುತ್ತಿದ್ದರು. ಇಷ್ಟು ಕಾವಲಿದ್ದರೂ ಹುಣಸೆಹಣ್ಣು ಮಾತ್ರ ಯಾರ ಕೈಗೂ ಸಿಕ್ಕುತ್ತಿರಲಿಲ್ಲ, ಟೀ ಅಂಗಡಿಯವನು ಮುಂಚೆಯೇ ಬಡಿದುಕೊಂಡುಬಿಡುತ್ತಿದ್ದ.

ಆ ಜಾಗಕ್ಕೆ ನಾವು ಗೋಣಿಮರದಹಳ್ಳಿ ಗೇಟ್ ಅನ್ನುತ್ತಿದ್ದೆವು, ಅವರು ತಿಮ್ಮಸಂದ್ರ ಗೇಟ್ ಅನ್ನುತ್ತಿದ್ದರು. ಹಾಗೇ ನಡೆದುಕೊಂಡು ಹೋಗುತ್ತಿತ್ತು. ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತಲ್ಲ, ಆ ಸುಮಾರಿನಲ್ಲಿ ಯಾರಿಗೋ ಉತ್ಸಾಹ ಬಂದು ರಸ್ತೆಯುದ್ದಕ್ಕೂ ಹಳದಿ ಬೋರ್ಡು ನೆಡಿಸಿದರು. ರಾಜ್ಯದ ಹೆಸರು ಬದಲಾದದ್ದಕ್ಕೆ ನಮ್ಮೂರಲ್ಲಿ ಯಾರೂ ರಾತ್ರಿ ನಿದ್ದೆ ಕೆಡಿಸಿಕೊಂಡಿರಲಿಲ್ಲ. ಬೆಳಗಾವಿ ಯಾರದು, ಕಾಸರಗೋಡು ಯಾರದು ಅಂತ ಟೀ ಅಂಗಡಿಯ ಬೆಂಚಿನ ಮೇಲೆ ಎರಡೂ ಊರಿನ ಗಂಡಸರು ಒಂದೇ ಪೇಪರು ಹಂಚಿಕೊಂಡು ಒಂದೇ ದನಿಯಲ್ಲಿ ಕೂಗಾಡುತ್ತಿದ್ದರು. ಒಂದು ಬೆಳಗ್ಗೆ ಬೆಂಚಿನಿಂದ ತಲೆಯೆತ್ತಿ ನೋಡಿದರೆ ಎದುರಿಗೆ ಹಳದಿ ಬೋರ್ಡು: ತಿಮ್ಮಸಂದ್ರ ಗೇಟ್. ಅವತ್ತಿನಿಂದ ಪೇಪರು ಎರಡಾಯಿತು, ಬೆಂಚೂ ಎರಡಾಯಿತು.

ತಿಮ್ಮಸಂದ್ರದ ಮುಂದಾಳು ತಿಮ್ಮಯ್ಯ, ಪಂಚಾಯ್ತಿ ಮೆಂಬರು, ನಮ್ಮ ನಂಜತ್ತೆಯ ಗಂಡ. ಅಂದರೆ ನನ್ನ ಸ್ವಂತ ಮಾವ. ನಮ್ಮೂರ ಮುಂದಾಳು ನನ್ನ ಅಪ್ಪ, ಅಂದರೆ ಅತ್ತೆಯ ಅಣ್ಣ. ಭಾವ ಭಾಮೈದ ಇಬ್ಬರೂ ಅಲ್ಲಿಯವರೆಗೆ ಒಂದೇ ತಟ್ಟೆಯಲ್ಲಿ ಅವರೆಕಾಳು ಹಿದುಕಿ ತಿಂದವರು. ಬೋರ್ಡು ಬಂದ ವಾರಕ್ಕೇ ಮುಖ ನೋಡುವುದನ್ನು ಬಿಟ್ಟರು.

ಮೊದಲು ನಮ್ಮ ಹುಡುಗರು ಬೋರ್ಡಿಗೆ ಸಗಣಿ ಬಳಿದರು. ಸಗಣಿಗೆ ಒಂದು ಮರ್ಯಾದೆಯಿದೆ, ಮಳೆ ಬಂದರೆ ಹೋಗುತ್ತದೆ. ಅವರು ತೊಳೆದು, ಕೆಳಗೆ ಕಲ್ಲುಕಟ್ಟೆ ಕಟ್ಟಿದರು. ನಮ್ಮವರು ಟಾರು ತಂದರು. ದೊಡ್ಡಬಳ್ಳಾಪುರದಿಂದ ಪೇಂಟರನ್ನು ಕರೆಸಿ ಟಾರಿನ ಮೇಲೆ ಗೋಣಿಮರದಹಳ್ಳಿ ಅಂತ ಬರೆಸಿದರೆ ನಮ್ಮೂರ ಹೆಸರು ಬೋರ್ಡಿನಲ್ಲಿ ಹಿಡಿಸಲಿಲ್ಲ. ಕೊನೆಯ ಅಕ್ಷರ ಕಂಬದ ಮೇಲೆ ಇಳಿಯಿತು. ಅವರು ಅದಕ್ಕೂ ಟಾರು ಹೊಡೆದರು. ಹೀಗೆ ಬಳಿದು, ಒರೆಸಿ, ಕೆರೆದು ಕಡೆಗೆ ಬೋರ್ಡಿನಲ್ಲಿ ಉಳಿದದ್ದು ಗೇಟ್ ಅನ್ನುವುದೊಂದೇ. ಆ ರೂಟಿಗೆ ಹೊಸದಾಗಿ ಬಂದ ಡ್ರೈವರೊಬ್ಬ ಅದನ್ನು ಓದಿ, ರೈಲ್ವೆ ಗೇಟೇ ಇರಬೇಕು ಅಂತ ಬಸ್ಸು ನಿಲ್ಲಿಸಿ, ಕೆಳಗಿಳಿದು ಎರಡೂ ಕಡೆ ಹಳಿ ಹುಡುಕಿದ. ಎರಡೂ ಊರಿನವರು ಸೇರಿಕೊಂಡು ನಕ್ಕದ್ದು ಆ ವರ್ಷದಲ್ಲಿ ಅದೊಂದೇ ಸಲ.

ನಾನಾಗ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮೂರಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ ಆದ್ದರಿಂದ ಸರ್ಕಾರಕ್ಕೆ ಅರ್ಜಿ ಬರೆಯುವ ಕೆಲಸ ನನ್ನದು. ಹಳಗನ್ನಡದ ಗಾಳಿ ಹೊಸದಾಗಿ ಸೋಕಿತ್ತು ನೋಡಿ, ಬಿಡುತ್ತೇನೆಯೇ? ಮರದ ಬುಡದ ಕಲ್ಲು ವೀರಗಲ್ಲೆಂದೂ, ನಮ್ಮೂರ ವೀರನೊಬ್ಬ ಗಡಿ ಕಾಯುತ್ತ ಅಲ್ಲೇ ಮಡಿದನೆಂದೂ, ಕಲ್ಲಿನ ಮೇಲಿನ ಅಕ್ಷರಗಳೇ ಸಾಕ್ಷಿಯೆಂದೂ ಬರೆದೆ. ಆ ಅಕ್ಷರಗಳು ಸೈಕಲ್ ಷಾಪಿನವನು ಉಳಿ ಮಸೆದ ಗೀರುಗಳು ಅಂತ ಆಮೇಲೆ ಗೊತ್ತಾಯಿತು. ಅಪ್ಪ ಮಾತ್ರ ಆ ಅರ್ಜಿಯನ್ನು ಜೋರಾಗಿ ಓದಿಸಿ ಓದಿಸಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ನಾನು ತಿಮ್ಮಸಂದ್ರ ಗೇಟ್ ಅನ್ನುವ ಮಾತನ್ನು ಈ ಜನ್ಮದಲ್ಲಿ ಬಾಯಲ್ಲಿ ತರುವುದಿಲ್ಲ ಅಂತ ಹುಣಸೆಮರ ಮುಟ್ಟಿ ಆಣೆ ಮಾಡಿದ್ದೂ ಆಗಲೇ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಗೌರಿ ಹಬ್ಬ ಬರದಿದ್ದರೆ. ಬೋರ್ಡು ಬಂದ ವರ್ಷ ಅಪ್ಪ ಎಂದಿನಂತೆ ತಂಗಿಗೆ ಬಾಗಿನ ಕಳಿಸಿದರು. ತಿಮ್ಮಯ್ಯ ಮಾವ ಮೊರವನ್ನು ಮನೆಯ ಹೊಸಿಲು ದಾಟಲು ಬಿಡದೆ ವಾಪಸು ಕಳಿಸಿದರು: “ನಮ್ಮೂರ್ ಬೋರ್ಡಿಗೆ ಸಗಣಿ ಬಳ್ದ ಕೈಯಿಂದ ಬಂದಿದ್ದು ನಮಗೆ ಬ್ಯಾಡ.” ಅಪ್ಪ ಕೆರಳಿದರು. ಬೋರ್ಡಿನ ಮೇಲೆ ನಮ್ಮೂರ ಹೆಸರು ಬರುವವರೆಗೆ ಆ ಮನೆಗೆ ಅರಿಶಿನದ ಕೊಂಬೂ ಹೋಗಕೂಡದು ಅಂದರು. ಮುಂದಿನ ಹಬ್ಬಕ್ಕೆ ಬಾಗಿನ ಹೋಗಲಿಲ್ಲ. ಗಂಡಸರಿಬ್ಬರೂ ಗೆದ್ದೆವು ಅಂದುಕೊಂಡರು. ಸೋತವಳು ನಂಜತ್ತೆ. ತವರಿನಿಂದ ಮೊರ ಬರದಿದ್ದರೆ ಹೆಣ್ಣುಮಕ್ಕಳಿಗೆ ತವರೇ ಇಲ್ಲ ಅಂತ ಲೆಕ್ಕ. ತಂದೆತಾಯಿ ಇಲ್ಲದ ಅತ್ತೆಗೆ ಅಣ್ಣನ ಮನೆಯೊಂದೇ ತವರು.

ಅತ್ತೆ ಕನಕಾಂಬರ ಬೆಳೆದು ದೊಡ್ಡಬಳ್ಳಾಪುರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಬಸ್ಸೇ ಅವರದೂ. ಗೇಟಿನಲ್ಲಿ ನಾವು ಪರಿಚಯವೇ ಇಲ್ಲದವರಂತೆ ಮರದ ಆಚೆ ಒಬ್ಬರು ಈಚೆ ಒಬ್ಬರು ನಿಲ್ಲುತ್ತಿದ್ದೆವು. ಬಸ್ಸು ಹತ್ತಿದ ಮೇಲೆ ಒಂದೇ ಸೀಟು. ನನ್ನ ಜಡೆಗೆ ಹೂ ಮುಡಿಸಿ ಅತ್ತೆ ಕೇಳುತ್ತಿದ್ದರು:

“ಅತ್ತಿಗೆ ಈ ಸಲ ಮೊರ ಬಳುದ್ರೇನೇ?”

“ಬಳೀತಾರೆ ಅತ್ತೆ. ನಿಮ್ಮ ಜೊತೇದು ಅಟ್ಟದ ಮೇಲಿದೆ. ಅಪ್ಪನಿಗೆ ಗೊತ್ತಿಲ್ಲ.”

“ಹುಳ ಹೊಡೀದಂಗೆ ನೋಡ್ಕೊಳಕ್ಕೆ ಹೇಳು. ಸುಮ್ನೆ ಹಿಂಗಂದ್ರು ಅಂತ ಹೇಳು, ಸಾಕು.”

ಹೀಗೆ ಅವರ ಮಾತು ಅಮ್ಮನಿಗೆ, ಅಮ್ಮನ ಮಾತು ಅವರಿಗೆ ನಾನು ಹೊತ್ತು ಹಾಕುತ್ತಿದ್ದೆ. ಅತ್ತಿಗೆ ನಾದಿನಿ ನನ್ನನ್ನು ಅಂಚೆಯವನ ಹಾಗೆ ಬಳಸಿಕೊಂಡು ಏನೋ ಹೊಸೆಯುತ್ತಿದ್ದಾರೆ ಅಂತ ಬಿ.ಎ. ಓದುತ್ತಿದ್ದ ಈ ತಲೆಗೆ ಹೊಳೆಯಲೇ ಇಲ್ಲ.

ಇನ್ನೊಂದು ವಿಷಯವೂ ನನಗೆ ಹೊಳೆದಿರಲಿಲ್ಲ. ಕಂಡಕ್ಟರು ಬಂದರೆ ಅತ್ತೆ ಪ್ರತಿ ಸಲ ಕೇಳುತ್ತಿದ್ದದ್ದು “ಗೋಣ್ಮರದಳ್ಳಿ ಗೇಟಿಗೆ ಒಂದು” ಅಂತ. ನಮ್ಮೂರ ಅಭಿಮಾನ ಅಂದುಕೊಂಡು ನಾನು ಉಬ್ಬುತ್ತಿದ್ದೆ. ನಿಜ ಸಂಗತಿ ಬೇರೆ. ತಿಮ್ಮಸಂದ್ರದ ದೇವರು ತಿಮ್ಮರಾಯಸ್ವಾಮಿ. ಆ ಊರಿನ ಗಂಡಸರೆಲ್ಲ ಆ ದೇವರ ಹರಕೆಗೆ ಹುಟ್ಟಿದವರು. ತಿಮ್ಮಯ್ಯ, ತಿಮ್ಮಣ್ಣ, ತಿಮ್ಮರಾಯಪ್ಪ, ದೊಡ್ಡತಿಮ್ಮ, ಚಿಕ್ಕತಿಮ್ಮ. ಒಂದು ಮನೆಯಲ್ಲಿ ತಿಮ್ಮ ಗಂಡನಲ್ಲದಿದ್ದರೆ ಮಾವನಾದರೂ ಆಗಿರುತ್ತಿದ್ದ. ಗಂಡನ ಹೆಸರು, ಮಾವನ ಹೆಸರು ಹೆಂಗಸರು ಬಾಯಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ಆ ಗಂಡಸರ ಆಯುಸ್ಸು ಕಡಿಮೆಯಾಗುತ್ತದೆ. ಇನ್ನು ಊರ ಹೆಸರು ಹೇಳುವುದು ಹೇಗೆ? ಆ ಊರಿನ ಸೊಸೆಯರು ತಿರುಪತಿ ತಿಮ್ಮಪ್ಪನಿಗೂ ‘ಬೆಟ್ಟದ ದೇವ್ರು’ ಅನ್ನುತ್ತಿದ್ದರು. ಊರಿಗೆ ‘ನಮ್ಮೂರು’ ಅನ್ನುತ್ತಿದ್ದರು. ಕಂಡಕ್ಟರಿಗೆ ನಮ್ಮೂರು ಅಂದರೆ ಆಗುತ್ತದೆಯೇ? ಅದಕ್ಕೇ ಅವರೆಲ್ಲ ಗೋಣಿಮರದಹಳ್ಳಿ ಗೇಟಿಗೇ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಊರಿಗಾಗಿ ಪ್ರಾಣ ಕೊಡಲು ನಿಂತಿದ್ದ ಅವರ ಗಂಡಂದಿರಿಗೆ ಇದು ಗೊತ್ತೇ ಇರಲಿಲ್ಲ. ಹೆಂಡತಿ ಏನು ಹೇಳುತ್ತಾಳೆ ಅನ್ನುವುದನ್ನೇ ಕೇಳಿಸಿಕೊಳ್ಳದವರು ಅವಳು ಏನು ಹೇಳುವುದಿಲ್ಲ ಅನ್ನುವುದನ್ನು ಎಲ್ಲಿ ಗಮನಿಸುತ್ತಾರೆ?

ಗಮನಿಸಿದವರು ಒಬ್ಬರಿದ್ದರು, ನಮ್ಮಪ್ಪ. ತಂಗಿಯನ್ನು ಆ ಊರಿಗೆ ಕೊಟ್ಟವರಲ್ಲವೇ.

ಜಗಳ ಬಸ್ಸಿನ ಆಫೀಸಿನವರೆಗೆ ಹೋಯಿತು. ಹೆಸರು ತೀರ್ಮಾನವಾಗದಿದ್ದರೆ ಸ್ಟಾಪನ್ನೇ ತೆಗೆದುಹಾಕುತ್ತೇವೆ, ಮುಂದಿನ ಗೇಟಿನಿಂದ ನಡೆದುಕೊಂಡು ಬನ್ನಿ ಅಂದರು. ಕಡೆಗೆ ಒಬ್ಬರು ಸಾಹೇಬರು ವಿಚಾರಣೆಗೆ ಬರುವುದು ಅಂತಾಯಿತು. ಅವರು ಬಂದದ್ದು ಸರಿಯಾಗಿ ಗೌರಿ ಹಬ್ಬದ ಹಿಂದಿನ ದಿನ. ಬೆಂಗಳೂರಿನವರು, ತೆಳ್ಳಗೆ, ಕೈಯಲ್ಲಿ ಕರ್ಚೀಫು. ಹುಣಸೆಮರದ ಕೆಳಗೆ ಶಾಲೆಯ ಕುರ್ಚಿ ಹಾಕಿದೆವು. ಕುರ್ಚಿ ಯಾವ ಊರಿನ ಶಾಲೆಯಿಂದ ಬರಬೇಕು ಅಂತ ಅದಕ್ಕೂ ಅರ್ಧ ಗಂಟೆ ಜಗಳವಾಗಿ, ಸಾಹೇಬರು ಅಲ್ಲಿಯವರೆಗೆ ವೀರಗಲ್ಲಿನ ಮೇಲೆ ಕೂತಿದ್ದರು. ನನ್ನ ಅರ್ಜಿಯ ವೀರನ ಗತಿ ಅಲ್ಲಿಗೇ ಮುಗಿಯಿತು.

ಸಾಹೇಬರು ಮೊದಲು ಕಂಡಕ್ಟರನ್ನು ಕೇಳಿದರು. ಅವನು ಪಾಪದವನು, ಇದ್ದದ್ದನ್ನು ಹೇಳಿದ: “ಜಾಸ್ತಿ ಜನ ಗೋಣ್ಮರದಳ್ಳಿ ಗೇಟ್ ಅಂತ್ಲೇ ಕೇಳೋದು ಸಾರ್.”

“ಯಾವನ್ಲಾ ಕೇಳಿದ್ದು?” ತಿಮ್ಮಯ್ಯ ಮಾವ ಎದ್ದು ನಿಂತರು. “ನಮ್ಮೂರೋರು ಜಾಸ್ತಿ ಓಡಾಡ್ತೀವಿ. ನೀನು ದುಡ್ ತಗೊಂಡು ಹೇಳ್ತಿದ್ದೀಯ. ಕೇಳಿರೋರ್ನ ಒಬ್ಬರ್ನ ತೋರ್ಸು ನೋಡೋಣ!”

ಕಂಡಕ್ಟರು ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಕೈಯೆತ್ತಿ, ಮರದಾಚೆ ನಿಂತಿದ್ದ ತಿಮ್ಮಸಂದ್ರದ ಹೆಂಗಸರ ಗುಂಪನ್ನು ತೋರಿಸಿಬಿಟ್ಟ. “ಇಗೋ, ಈ ಅಮ್ಮಂದ್ರೇ ಸಾರ್. ಎಲ್ರೂವೆ.”

ಹೆಂಗಸರೆಲ್ಲ ಒಟ್ಟಿಗೆ ಸೆರಗು ಬಾಯಿಗೆ ತಂದುಕೊಂಡರು. ತಿಮ್ಮಸಂದ್ರದ ಗಂಡಸರು ಅವರವರ ಹೆಂಡತಿಯ ಕಡೆ ತಿರುಗಿ ಬಾಯಿ ಬಿಟ್ಟುಕೊಂಡು ನಿಂತರು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. “ಯಾಕಮ್ಮಾ, ನಿಮ್ಮೂರ ಹೆಸರು ಹೇಳೋಕೆ ಏನು ಕಷ್ಟ?” ಅಂತ ಕೇಳಿದರು. ಅವರ ಮನೆಯಾಕೆ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರೋ ಏನೋ.

ಆಗ ಅಪ್ಪ ಎದ್ದರು. ಬಿಳಿ ಪಂಚೆ, ಕೈಮುಗಿದುಕೊಂಡು, ಜಗತ್ತಿನಲ್ಲಿ ಅವರಷ್ಟು ಒಳ್ಳೆಯವರಿಲ್ಲ ಅನ್ನುವ ಮುಖ. “ಸ್ವಾಮಿ, ಗಂಡಸ್ರ ಮಾತು ಸಾಕು. ಹೆಂಗಸ್ರಿಗೂ ಒಂದು ಮಾತೈತೆ. ನನ್ ತಂಗಿ ನಂಜಮ್ಮ, ನಮ್ಮೂರ ಮಗಳು, ಅವರೂರ ಸೊಸೆ. ಈ ಜಾಗಕ್ಕೆ ಏನಂತಾರೆ ಅಂತ ಅವಳು ಒಂದ್ ಸಲ ಬಾಯ್ಬಿಟ್ಟು ಹೇಳ್ಲಿ. ಅವಳು ಏನಂದ್ರೆ ಅದೇ. ನಾನು ಮರುಮಾತಾಡಲ್ಲ.”

ನನ್ನ ಅಪ್ಪ ಎಷ್ಟು ದೊಡ್ಡ ಮನಸ್ಸಿನವರು ಅಂತ ನನಗೆ ರೋಮಾಂಚನವಾಯಿತು. ತಿಮ್ಮಯ್ಯ ಮಾವನೂ ಯೋಚನೆ ಮಾಡಲಿಲ್ಲ. ನನ್ನ ಹೆಂಡತಿ ನನ್ನ ಊರು ಬಿಟ್ಟು ಇನ್ನೇನು ಹೇಳಿಯಾಳು ಅಂತ ಮೀಸೆ ಮೇಲೆ ಕೈಹಾಕಿ, “ಆಗ್ಲಿ, ಹೇಳ್ಲಿ. ನಾನೂ ಒಪ್ಕೊತೀನಿ” ಅಂದುಬಿಟ್ಟರು. ಅಪ್ಪನ ಮೀಸೆಯ ಕೆಳಗೆ ಸಣ್ಣದೊಂದು ನಗು ಹಾದುಹೋಯಿತು. ಅದನ್ನು ನೋಡಿದ ಮೇಲೆ ನನಗೆ ಎಲ್ಲ ಅರ್ಥವಾಯಿತು. ಊರಿನೆದುರು ಅತ್ತೆ ಗಂಡನ ಹೆಸರು ಎತ್ತುವ ಹಾಗಿಲ್ಲ; ಎತ್ತದೆ ಹೇಳಬಹುದಾದ ಹೆಸರು ಒಂದೇ. ಇಂಥ ಬುದ್ಧಿ ಇದ್ದವರು ನನಗೆ ಯಾಕಾದರೂ ವೀರಗಲ್ಲಿನ ಕಥೆ ಬರೆಸಿದರೋ!

ಅತ್ತೆ ಮುಂದೆ ಬಂದರು. ತಲೆ ತಗ್ಗಿತ್ತು, ದನಿ ತಗ್ಗಿರಲಿಲ್ಲ.

“ಹೇಳ್ತೀನಿ ಸ್ವಾಮಿ. ಆದ್ರೆ ಸುಮ್ನೆ ಹೇಳಲ್ಲ. ಮದುವೇಲಿ ಹೆಸ್ರು ಹೇಳ್ಸೋದಾದ್ರೂ ಬಾಗ್ಲು ತಡೆದು, ಎಲಡಿಕೆ ಕೊಟ್ಟು ಹೇಳಿಸ್ತಾರೆ. ನಾಳೆ ಗೌರಿ ಹಬ್ಬ. ನಮ್ಮಣ್ಣ ನಂಗೆ ಬಾಗಿನ ಕೊಡ್ಲಿ. ಇವ್ರು ಅದನ್ನ ಮನೆ ಒಳಗೆ ಬಿಟ್ಕೊಳ್ಳಿ. ಆಮೇಲೆ ಹೇಳ್ತೀನಿ.”

“ಬಾಗಿನ ಎಲ್ಲೈತೆ ಈಗ?” ಅಂದರು ಅಪ್ಪ, ತಪ್ಪಿಸಿಕೊಳ್ಳಲು.

“ಇಲ್ಲೈತೆ” ಅಂದರು ನನ್ನ ಅಮ್ಮ. ನಮ್ಮೂರ ಹೆಂಗಸರ ಮಧ್ಯದಿಂದ ಬಂದು, ಕಂಕುಳಲ್ಲಿದ್ದ ಬಟ್ಟೆಗಂಟು ಬಿಚ್ಚಿದರು. ಜೊತೆ ಮೊರ. ಒಳಗೆ ಅಕ್ಕಿ, ಬೇಳೆ, ಬೆಲ್ಲದಚ್ಚು, ಬಳೆ, ಬಿಚ್ಚೋಲೆ, ರವಿಕೆ ಕಣ ಎಲ್ಲ ಸಜ್ಜಾಗಿತ್ತು. ಅರಿಶಿನದ ವಾಸನೆ ಮರದ ಕೆಳಗೆಲ್ಲ ಹರಡಿತು. ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಮರದ ಮೇಲಿನ ಕಾಗೆ ನೋಡಿದರು. ಹುಳ ಹೊಡೆಯದ ಹಾಗೆ ನೋಡಿಕೊಳ್ಳಿ ಅಂತ ನಾನು ಹೊತ್ತು ತಂದ ಮಾತುಗಳೆಲ್ಲ ನನಗೆ ಒಂದೊಂದಾಗಿ ನೆನಪಾದವು.

ಮಾವ ಏನೋ ಗೊಣಗಲು ಹೋದರು. ಸಾಹೇಬರು ವಾಚು ನೋಡಿಕೊಂಡು, “ಒಪ್ಕೊಳ್ರೀ ಯಜಮಾನ್ರೇ, ನಂಗೆ ಮೂರು ಗಂಟೆ ಬಸ್ಸಿದೆ” ಅಂದರು. ಮಾವ ತಲೆಯಾಡಿಸಿದರು. ಅಪ್ಪ ಮೊರ ಎತ್ತಿದರು. ಅತ್ತೆ ಸೆರಗು ಹೊದ್ದು, ಮೊರ ಹಿಡಿದುಕೊಂಡು, ಅಣ್ಣನ ಕಾಲಿಗೆ ಬಗ್ಗಿದರು. ಅಪ್ಪ ತಂಗಿಯ ತಲೆ ಮುಟ್ಟಿದ ಮೇಲೆ ಕೈಯನ್ನು ತೆಗೆಯಲೇ ಇಲ್ಲ.

“ಈಗ ಹೇಳಮ್ಮ” ಅಂದರು ಸಾಹೇಬರು.

ಅತ್ತೆ ನೆಟ್ಟಗೆ ನಿಂತರು. ಮೊರ ಎದೆಗವಚಿಕೊಂಡಿದ್ದರು. “ತಿಮ್ಮಸಂದ್ರ ಗೇಟು” ಅಂದರು. ಅರ್ಧ ನುಂಗಿ ಅಲ್ಲ, ಸೆರಗಿನ ಮರೆಯಿಂದ ಅಲ್ಲ. ಅಕ್ಷರ ಅಕ್ಷರ ಕೇಳುವ ಹಾಗೆ. ಆಮೇಲೆ, ಸಾಲದೇನೋ ಅನ್ನುವ ಹಾಗೆ, “ತಿಮ್ಮಯ್ಯನ ಹೆಂಡ್ತಿ ಹೇಳ್ತಿದ್ದೀನಿ, ಬರ್ಕೊಳಿ” ಅಂದರು.

ತಿಮ್ಮಸಂದ್ರದ ಮುದುಕಿಯೊಬ್ಬಳು “ಅಯ್ ಶಿವನೇ!” ಅಂತ ಕೆನ್ನೆ ಬಡಿದುಕೊಂಡಳು. ಸಾಕ್ಷಾತ್ ತಿಮ್ಮಯ್ಯ ಮಾವ ಗೆದ್ದದ್ದನ್ನು ಮರೆತು, ಹೆಂಡತಿಯ ಬಾಯಲ್ಲಿ ತನ್ನ ಹೆಸರು ಬಂದ ಗಾಬರಿಗೆ ಎದೆ ಮುಟ್ಟಿ ನೋಡಿಕೊಂಡರು. ಪ್ರಾಣ ಇನ್ನೂ ಇದೆಯೇ ಅಂತ ಇರಬೇಕು.

ಅತ್ತೆ ಅಣ್ಣನ ಕಡೆ ತಿರುಗಿದರು. ಈ ಮಾತು ಸಾಹೇಬರಿಗೆ ಕೇಳಿಸಿರಲಾರದು. ಅಮ್ಮನಿಗೂ ನನಗೂ ಕೇಳಿಸಿತು. “ನನ್ ಬಾಯಿ ಕಟ್ಟೈತೆ ಅಂತ ತಿಳ್ಕೊಂಡೇ ನನ್ನ ನಿಲ್ಲಿಸ್ದೆ ಅಲ್ವೇನಣ್ಣಾ? ಗೇಟು ನಂಗೆ ಕೊಡು ಅಂತ ಬಾಯ್ತುಂಬ ಕೇಳಿದ್ರೆ ಕೊಟ್ಬಿಡ್ತಿದ್ದೆ.” ಮರುಮಾತಾಡಲ್ಲ ಅಂತ ಅಪ್ಪ ಎಲ್ಲರೆದುರು ಹೇಳಿಕೊಂಡಾಗಿತ್ತಲ್ಲ.

ಹೀಗೆ ಬೋರ್ಡು ತಿಮ್ಮಸಂದ್ರದ ಪಾಲಾಯಿತು. ಆದರೆ ಗೆದ್ದವರು ತಮಟೆ ಹೊಡೆಯಲಿಲ್ಲ. ಹೆಂಡತಿಯಿಂದ ಹೆಸರು ಹೇಳಿಸಿಕೊಂಡು ಗೆದ್ದ ಗೇಟು ಅಂತ ನಮ್ಮ ಹುಡುಗರು ಆಡಿಕೊಳ್ಳುತ್ತಾರೆ ಅನ್ನುವ ನಾಚಿಕೆಗೆ ಮಾವ ಆ ಬೋರ್ಡಿನ ಹೆಸರನ್ನು ಬಹಳ ದಿನ ಎತ್ತಲು ಹೋಗಲಿಲ್ಲ. ಒಂದು ಸೀನು ಬಂದರೂ ಗೋಡೆ ಹಿಡಿದುಕೊಂಡು ಕೂರುತ್ತಿದ್ದರಂತೆ. ಅತ್ತೆ ಪ್ರತಿ ಶನಿವಾರ ತಿಮ್ಮರಾಯಸ್ವಾಮಿಗೆ ಎಣ್ಣೆದೀಪ ಹಚ್ಚಿ ಬರುತ್ತಿದ್ದರು. ಹೇಳುವುದನ್ನು ಹೇಳಿ ಆಗಿದೆ, ಉಳಿದದ್ದು ನೀನು ನೋಡಿಕೋ ಅಂತ ದೇವರಿಗೆ ಒಪ್ಪಿಸಿದ್ದರು. ಆ ಊರಿನ ಉಳಿದ ಹೆಂಗಸರು ಮಾತ್ರ ಬಾಯಿ ಬಿಡಲಿಲ್ಲ. ಅವರು ಕಡೆಯವರೆಗೂ ಗೋಣಿಮರದಹಳ್ಳಿ ಗೇಟಿಗೇ ಟಿಕೆಟ್ ತೆಗೆದುಕೊಂಡು, ತಿಮ್ಮಸಂದ್ರ ಗೇಟ್ ಅನ್ನುವ ಬೋರ್ಡಿನ ಕೆಳಗೆ ಇಳಿಯುತ್ತಿದ್ದರು. ಬಾಗಿನ ಮಾತ್ರ ಅಲ್ಲಿಂದೀಚೆಗೆ ಒಂದು ವರ್ಷವೂ ತಪ್ಪಲಿಲ್ಲ. ಅಪ್ಪ ಇರುವವರೆಗೂ ತಾವೇ ಹೊತ್ತುಕೊಂಡು ಹೋಗುತ್ತಿದ್ದರು, ಆ ಬೋರ್ಡಿನ ಕಡೆ ಮುಖ ತಿರುಗಿಸದೆ.

ಓ, ಗೇಟು ಬಂತು. ನೀವೂ ಇಳಿಯುವುದಾದರೆ ಬನ್ನಿ.

ಹುಣಸೆಮರ ಈಗಿಲ್ಲ, ರಸ್ತೆ ಅಗಲವಾಗಿದೆ. ಹಳದಿ ಬೋರ್ಡೂ ಇಲ್ಲ. ಅದರ ಜಾಗದಲ್ಲಿ ಕಲ್ಯಾಣ ಮಂಟಪದ ಹಾಗೊಂದು ಕಮಾನು, ಅದರ ಮೇಲೆ ಇಂಗ್ಲಿಷಿನಲ್ಲಿ ಗೋಲ್ಡನ್ ಆರ್ಚರ್ಡ್. ಕೆಳಗೆ, ನಂಬಿದರೆ ನಂಬಿ, ನಿಜವಾದ ಗೇಟು. ಕಬ್ಬಿಣದ್ದು. ಟೋಪಿ ಹಾಕಿಕೊಂಡ ವಾಚ್‌ಮನ್ ಒಬ್ಬ ನನ್ನ ಮೊರ ನೋಡಿ, “ಕಹಾಂ ಜಾನಾ ಹೈ?” ಅಂದ. ನಾವು ಬಡಿದಾಡಿದ ಜಾಗಕ್ಕೆ ಯಾವ ಊರಿಂದಲೋ ಬಂದ ಇವನು ಕಾವಲು. ನಾನು ಅವನಿಗೆ ಕನ್ನಡದಲ್ಲಿ ದಾರಿ ಬಿಡಲು ಹೇಳಿ ಪಕ್ಕದ ಮಣ್ಣಿನ ದಾರಿ ಹಿಡಿದೆ.

ಅತ್ತೆಯ ಮನೆ ಗಿಜಿಗುಡುತ್ತಿತ್ತು, ಮೊಮ್ಮಕ್ಕಳು, ಅವರ ಮಕ್ಕಳು, ಹೋಳಿಗೆಯ ಹೊಗೆ. ಮೊರ ಮೂಗಿಗೆ ಹಿಡಿದು ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿದರು. ತಿಮ್ಮಯ್ಯ ಮಾವ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ತೊಂಬತ್ತು ದಾಟಿದೆ; ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಅನ್ನುವವರು ಬಂದು ನೋಡಬಹುದು. ಕಿವಿ ಮಾತ್ರ ಮಂದ. ‘ರೀ’ ಅಂದರೆ ಈಗ ತಿರುಗುವುದಿಲ್ಲವಂತೆ. ಅತ್ತೆ ಅವರ ಕಿವಿಯ ಹತ್ತಿರ ಬಗ್ಗಿ, “ತಿಮ್ಮಯ್ಯನೋರೇ!” ಅಂತ ಕೂಗಿದರು. ಮಾವ ತಟ್ಟನೆ ತಿರುಗಿದರು. “ನಮ್ಮಣ್ಣನ ಮಗಳು ಬಂದವ್ಳೆ. ಬಾಗಿನ ತಂದವ್ಳೆ.”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದೇ ಮಾತು ಕೇಳಿದರು: “ಗೇಟಲ್ಲಿ ಬೋರ್ಡೈತಾ?”

ನಾನು ಅತ್ತೆಯ ಮುಖ ನೋಡಿದೆ. ಬಂದವರನ್ನೆಲ್ಲ ಹೀಗೇ ಕೇಳುತ್ತಾರಂತೆ. ಮನೆ ಬಿಟ್ಟು ಹೊರಗೆ ಹೋಗಿ ವರ್ಷಗಳಾದವು, ಬೋರ್ಡು ಕಿತ್ತದ್ದನ್ನು ಯಾರೂ ಅವರಿಗೆ ಹೇಳಿಲ್ಲ.

“ಐತೆ ಮಾವ” ಅಂದೆ.

“ಏನಂತ ಬರ್ದವ್ರೆ?”

ನಿಮಗೆ ನೆನಪಿದೆಯಲ್ಲ, ಹುಣಸೆಮರ ಮುಟ್ಟಿ ನಾನು ಮಾಡಿದ ಆಣೆ. ನಾನು ಇಷ್ಟು ವರ್ಷ ಆ ಮಾತನ್ನು ಯಾವ ಕಂಡಕ್ಟರನ ಎದುರಿಗೂ ಬಾಯಲ್ಲಿ ತಂದವಳಲ್ಲ. ಬಸ್ಸಿನಲ್ಲಿ ನಿಮಗೆ ಈ ಕಥೆ ಹೇಳುವಾಗಲೂ ನಾಲಗೆ ಕಚ್ಚಿಕೊಂಡು ಹೇಳಿದ್ದು. ಅತ್ತೆ ಮೊರ ಎದೆಗವಚಿಕೊಂಡು, ಅವತ್ತು ಮರದ ಕೆಳಗೆ ನಿಂತ ಹಾಗೆಯೇ ನಿಂತು, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ತುಂಟತನ ಸ್ವಲ್ಪವೂ ಮುದಿಯಾಗಿರಲಿಲ್ಲ. ನಾನು ಮಾವನ ಕಿವಿಗೆ ಬಗ್ಗಿದೆ.

“ತಿಮ್ಮಸಂದ್ರ ಗೇಟ್ ಅಂತ ಮಾವ! ದಪ್ಪ ಅಕ್ಷರದಲ್ಲಿ ಬರ್ದವ್ರೆ! ನಾನೇ ಓದ್ಕೊಂಡು ಬಂದೆ!”

ಮಾವನ ಬೊಚ್ಚುಬಾಯಿ ಅಷ್ಟಗಲವಾಯಿತು. ಗೋಡೆಗೆ ಕೈಯಿಟ್ಟು ಕುಲುಕಿ ಕುಲುಕಿ ನಕ್ಕರು. “ನೋಡ್ದೇನೇ ನಂಜೀ! ಗೋಣ್ಮರದಳ್ಳಿ ಹೆಣ್ಣಿನ ಬಾಯಲ್ಲೇ ಹೇಳಿಸ್ಬಿಟ್ನಲ್ಲಾ!”

“ಹೂಂ ಕಣ್ರೀ” ಅಂದರು ಅತ್ತೆ, ಮೊರ ಎತ್ತಿಕೊಂಡು ಒಳಗೆ ನಡೆಯುತ್ತ. “ಮೊದ್ಲೂ ಹಂಗೇ ಹೇಳಿಸಿದ್ರಿ.”